ಕೆರೆ ದಡದಲ್ಲಿ ಒಂದು ಗರಿ ಸಿಕ್ಕಿದೆ, ಯಾವ ಬಾತಿನದು?

"ಸಾರ್, ಕೆರೆ ಏರಿ ಮೇಲೆ ಇದು ಬಿದ್ದಿತ್ತು. ಯಾವ ಬಾತುಕೋಳಿದು?" ನವೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಇಂಥ ಮೆಸೇಜು ಶುರು. ಜೊತೆಗೆ ಒಂದು ಫೋಟೊ. ಅಂಗೈ ಮೇಲೆ ಗರಿ, ಹಿಂದೆ ಸೂರ್ಯ, ಅರ್ಧ ನೆರಳು. ಅಳತೆ ಇಲ್ಲ, ಊರಿಲ್ಲ, ತಾರೀಕಿಲ್ಲ. ಪ್ರತಿಯೊಬ್ಬರಿಗೂ ಅದೇ ಹತ್ತು ಪ್ರಶ್ನೆ ವಾಪಸ್ ಕೇಳಿ ಸಾಕಾಗಿದೆ. ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಡ್ತಿದ್ದೀನಿ.

ಮೊದಲೇ ಒಂದು ಮಾತು. ಎಲ್ಲಾ ಗರಿಯೂ ಹೆಸರು ಹೇಳುವುದಿಲ್ಲ. ಬಾತಿನ ರೆಕ್ಕೆಯ ಮಧ್ಯಭಾಗದ ಗರಿ ಸಿಕ್ಕಿದರೆ ಯಾವ ಜಾತಿ ಅಂತ ಬಹುಮಟ್ಟಿಗೆ ಹೇಳಬಹುದು. ಹೊಟ್ಟೆಯ ಬಿಳಿ ತುಪ್ಪಳ ಸಿಕ್ಕಿದರೆ ಸುಮ್ನೆ ಬಿಟ್ಟುಬಿಡಿ. ಆದ್ದರಿಂದ "ಇದು ಯಾವ ಹಕ್ಕಿ" ಅನ್ನುವುದಕ್ಕಿಂತ ಮುಂಚೆ "ಇದು ಹಕ್ಕಿಯ ಮೈಮೇಲೆ ಎಲ್ಲಿತ್ತು" ಅಂತ ಕೇಳಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ನೇರವಾಗಿ ಬಣ್ಣಕ್ಕೆ ಹೋಗಿಬಿಡುತ್ತಾರೆ.

ಏನೇನು ಬೇಕು

ಮೊಬೈಲು, ಒಂದು ಸಣ್ಣ ಸ್ಕೇಲು, ಒಂದು ಬಿಳಿ ಕಾಗದ. ಸ್ಕೇಲ್ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ನಡೆಯುತ್ತದೆ, ಅದರ ಅಗಲ 27 ಮಿ.ಮೀ. ಭೂತಗನ್ನಡಿ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ.

ಗರಿಯನ್ನು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಟ್ರೋಫಿ' ಅನ್ನುವ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಂಬು, ಉಗುರು, ಹಲ್ಲಿನ ಜೊತೆ ಗರಿಯೂ ಸೇರಿದೆ. "ನವಿಲುಗರಿ ಎಲ್ಲರ ಮನೇಲೂ ಇರುತ್ತಲ್ಲ" ಅನ್ನಬಹುದು. ನವಿಲಿನ ಬಾಲದ ಗರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬಾತಿನ ಗರಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಹೇಳುವ ಎಲ್ಲವನ್ನೂ ದಡದಲ್ಲೇ ಕೂತು ಹತ್ತು ನಿಮಿಷದಲ್ಲಿ ಮಾಡಿ, ಗರಿಯನ್ನು ಅಲ್ಲೇ ಬಿಟ್ಟು ಬರಬಹುದು.

ಇನ್ನೊಂದು ಎಚ್ಚರಿಕೆ. ಸುತ್ತ ಮೂರ್ನಾಲ್ಕು ಹಕ್ಕಿ ಸತ್ತು ಬಿದ್ದಿದ್ದರೆ ಯಾವುದನ್ನೂ ಮುಟ್ಟಬೇಡಿ. ಹಕ್ಕಿಜ್ವರ ಇರಬಹುದು. ಪಶುಪಾಲನಾ ಇಲಾಖೆಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ಒಂಟಿ ಗರಿ ಮುಟ್ಟಿದರೂ ಆಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಹಂತ 1: ಎತ್ತುವ ಮುಂಚೆ ಸುತ್ತ ನೋಡಿ

ಒಂದೇ ಗರಿಯಾ, ಪಕ್ಕದ ಜೊಂಡಿನಲ್ಲಿ ಇನ್ನೂ ಇವೆಯಾ? ಒಂದೇ ಕಡೆ ರಾಶಿ ಬಿದ್ದಿದ್ದರೆ ಯಾವುದೋ ಬೇಟೆ ನಡೆದಿದೆ. ಗರಿಯ ಬುಡದ ಕಡ್ಡಿ ನೋಡಿ. ಜಗಿದು ಮುರಿದಂತಿದ್ದರೆ ನಾಯಿ, ನರಿ ಅಥವಾ ಮುಂಗುಸಿ ಕೆಲಸ. ಕಡ್ಡಿ ಪೂರ್ತಿಯಾಗಿದ್ದು, ಎಲ್ಲೋ ಒಂದು ಕಡೆ ಕೊಕ್ಕಿನಿಂದ ಚಿವುಟಿದ ಗುರುತಿದ್ದರೆ ಗಿಡುಗದಂಥ ಬೇಟೆಹಕ್ಕಿ ಕಿತ್ತು ಹಾಕಿದ್ದು. ತುದಿ ಒಣಗಿ, ನುಣ್ಣಗೆ ಮುಚ್ಚಿಕೊಂಡಿದ್ದರೆ ತಾನಾಗಿ ಉದುರಿದ ಗರಿ.

ಇದು ಪತ್ತೇದಾರಿಕೆಯ ಖುಷಿಗಷ್ಟೇ ಅಲ್ಲ, ಜಾತಿ ಗುರುತಿಸಲಿಕ್ಕೂ ಬೇಕಾಗುತ್ತದೆ. ಬಾತುಗಳು ರೆಕ್ಕೆಯ ಹಾರುವ ಗರಿಗಳನ್ನು ಒಂದೊಂದಾಗಿ ಉದುರಿಸುವುದಿಲ್ಲ. ವರ್ಷಕ್ಕೊಮ್ಮೆ, ಮರಿ ಮಾಡಿದ ಮೇಲೆ, ಎಲ್ಲವನ್ನೂ ಒಟ್ಟಿಗೆ ಕಳಚಿ ಮೂರು ನಾಲ್ಕು ವಾರ ಹಾರಲಾಗದೆ ಜೊಂಡಿನೊಳಗೆ ಅಡಗಿರುತ್ತವೆ. ಸೂಜಿಬಾಲದ ಬಾತು, ಗಾರ್ಗನಿ, ಶವೆಲರ್‌ನಂಥ ವಲಸೆ ಬಾತುಗಳು ಈ ಕೆಲಸವನ್ನು ದೂರದ ಉತ್ತರದಲ್ಲೇ ಮುಗಿಸಿ ನಮ್ಮಲ್ಲಿಗೆ ಬರುತ್ತವೆ. ಅಂದರೆ ನಮ್ಮ ಕೆರೆಯಲ್ಲಿ ತಾನಾಗಿ ಉದುರಿದ ಹಾರುವ ಗರಿ ಸಿಕ್ಕಿದರೆ ಮೊದಲ ಅನುಮಾನ ಇಲ್ಲೇ ಮರಿ ಮಾಡುವ ಬಾತುಗಳ ಮೇಲೆ ಇರಬೇಕು. ಅವುಗಳಲ್ಲಿ ಜಾಸ್ತಿ ಕಾಣುವುದು ಎರಡು. ಒಂದು ವರಟೆ, ಅಂದರೆ ಕಪ್ಪು ಕೊಕ್ಕಿಗೆ ಹಳದಿ ತುದಿ ಇರುವ ಸ್ಪಾಟ್‌ಬಿಲ್. ಇನ್ನೊಂದು ಶಿಳ್ಳೆ ಬಾತು. ವಲಸೆ ಬಾತಿನ ಹಾರುವ ಗರಿ ಇಲ್ಲಿ ಸಿಕ್ಕಿದರೆ ಬಹುಪಾಲು ಅದರ ಹಿಂದೆ ಬೇಟೆಯೋ ಅವಘಡವೋ ಇರುತ್ತದೆ.

ಮೈಗರಿಗೆ ಈ ಲೆಕ್ಕ ಇಲ್ಲ. ಗಂಡು ಗಾರ್ಗನಿ ನಮ್ಮಲ್ಲಿಗೆ ಬರುವಾಗ ಹೆಣ್ಣಿನ ಹಾಗೆ ಮಂಕಾಗಿರುತ್ತದೆ. ಚಳಿಗಾಲ ಪೂರ್ತಿ ಇಲ್ಲೇ ಮೈಗರಿ ಬದಲಿಸಿಕೊಂಡು, ವಾಪಸ್ ಹೋಗುವ ಹೊತ್ತಿಗೆ ಮದುವಣಿಗನಾಗಿರುತ್ತದೆ.

ಹಂತ 2: ಫೋಟೊ ಸರಿಯಾಗಿ ತೆಗೆಯಿರಿ

ಬಿಳಿ ಕಾಗದದ ಮೇಲೆ ಗರಿ ಇಡಿ, ಪಕ್ಕದಲ್ಲಿ ಸ್ಕೇಲು ಅಥವಾ ನಾಣ್ಯ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಫೋನನ್ನು ಗರಿಯ ನೆತ್ತಿಯ ಮೇಲೆ ನೇರವಾಗಿ ಹಿಡಿದು ಒಂದು ಫೋಟೊ. ಗರಿ ತಿರುಗಿಸಿ ಕೆಳಮೈದು ಒಂದು. ಮತ್ತೆ ಮೇಲ್ಮೈಗೆ ತಿರುಗಿಸಿ ಸ್ವಲ್ಪ ಓರೆ ಮಾಡಿ ಹೊಳಪಿನದು ಒಂದು. ತುದಿಯ ಹತ್ತಿರದ ಚಿತ್ರ, ಬುಡದ ಹತ್ತಿರದ ಚಿತ್ರ. ಐದಾಯಿತು. ಕೊನೆಗೆ ಗರಿ ಬಿದ್ದಿದ್ದ ಜಾಗದ್ದೊಂದು.

ಉದ್ದ ಅಳೆಯುವಾಗ ಬಾಗಿದ ಗರಿಯನ್ನು ಸ್ಕೇಲಿಗೆ ಮೆಲ್ಲಗೆ ಒತ್ತಿ ನೇರ ಮಾಡಿ, ಕಡ್ಡಿಯ ಬುಡದಿಂದ ತುದಿಯವರೆಗೆ ಅಳೆಯಿರಿ. ಗರಿ ಒದ್ದೆಯಾಗಿದ್ದರೆ ಅಲ್ಲಾಡಿಸಿ ನೀರು ಕೊಡವಿ, ನೆರಳಿನಲ್ಲಿ ಆರಲು ಬಿಡಿ. ಒದ್ದೆ ಗರಿಯ ಬಣ್ಣವನ್ನು ನಂಬಬೇಡಿ.

ಹಂತ 3: ಇದು ಬಾತಿನದೇನಾ?

ನನಗೆ ಬರುವ ಫೋಟೊಗಳಲ್ಲಿ ಎಷ್ಟೋ ಗರಿ ಬಾತಿನದಲ್ಲವೇ ಅಲ್ಲ. ಕೆರೆ ದಡದಲ್ಲಿ ಬಾತಿಗಿಂತ ಬೆಳ್ಳಕ್ಕಿ, ನೀರುಕಾಗೆ, ನಾಮದ ಕೋಳಿ ಹೆಚ್ಚು.

ಗರಿಯ ಮಧ್ಯೆ ಇರುವುದು ಕಡ್ಡಿ. ಅದರ ಎರಡೂ ಕಡೆ ಹರಡಿಕೊಂಡಿರುವುದನ್ನು ನಾನು ಅಲಗು ಅಂತೀನಿ. ರೆಕ್ಕೆಗರಿಯಲ್ಲಿ ಒಂದು ಅಲಗು ಕಿರಿದು, ಇನ್ನೊಂದು ಅಗಲ. ಕಿರಿದು ಹೊರ ಅಲಗು, ಅಗಲವಾದದ್ದು ಒಳ ಅಲಗು. ಈಗ ಗರಿಯನ್ನು ಮಗುಚಿ ಕೆಳಮೈ ನೋಡಿ. ಬಾತಿನ ದೊಡ್ಡ ರೆಕ್ಕೆಗರಿಯಾಗಿದ್ದರೆ ಕಡ್ಡಿಯ ಪಕ್ಕದಲ್ಲಿ, ಉದ್ದಕ್ಕೂ, ಮೇಣ ಸವರಿದ ಹಾಗೆ ಮಿರಮಿರ ಅನ್ನುವ ಪಟ್ಟಿ ಕಾಣುತ್ತದೆ. ಓರೆ ಮಾಡಿದರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಬೆಳಕು ಎಸೆಯುತ್ತದೆ. ಇದಕ್ಕೆ ಟೆಗ್ಮೆನ್ ಅಂತ ಹೆಸರು. ಬಾತು, ಹೆಬ್ಬಾತುಗಳಲ್ಲಿ ಇದು ಎದ್ದು ಕಾಣುತ್ತದೆ. ಕೋಳಿ ಜಾತಿಯ ಕೆಲವು ಹಕ್ಕಿಗಳಲ್ಲೂ ಇರುವುದರಿಂದ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಇದ್ದರೆ ಬಾತಿನ ಕಡೆಗೆ ಒಂದು ಹೆಜ್ಜೆ, ಅಷ್ಟೇ.

ಮೈಗರಿಯಾದರೆ ಬೇರೆ ಲಕ್ಷಣ. ಬಾತಿನ ಎದೆ, ಪಕ್ಕೆಯ ಗರಿ ಚಮಚದ ಹಾಗೆ ಬಾಗಿರುತ್ತದೆ. ಬುಡದಲ್ಲಿ ದಟ್ಟವಾದ ಮೆತ್ತನೆ ತುಪ್ಪಳ ಇರುತ್ತದೆ. ಆ ತುಪ್ಪಳದಲ್ಲಿ ಬರಿಗಣ್ಣಿಗೆ ಏನೂ ಸಿಗುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಮಾತ್ರ, ಬಾತುಗಳ ತುಪ್ಪಳದ ಎಳೆಗಳಲ್ಲಿ ಪುಟ್ಟ ತ್ರಿಕೋನದಂಥ ಗಂಟುಗಳು ಕಾಣುತ್ತವೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ರಾಕ್ಸಿ ಲೇಬೋರ್ನ್ ಎಂಬಾಕೆ ಇಂಥ ಎಳೆಗಳನ್ನು ನೋಡಿಯೇ ವಿಮಾನಕ್ಕೆ ಬಡಿದ ಹಕ್ಕಿ ಯಾವುದು ಅಂತ ಹೇಳುವ ವಿದ್ಯೆಯನ್ನು ಕಟ್ಟಿದರು. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಗೆ ಇಳಿದ ವಿಮಾನದ ಎಂಜಿನ್ನಿಗೆ ಸಿಕ್ಕಿದ್ದು ಕೆನಡಾ ಹೆಬ್ಬಾತು ಅಂತ ಪತ್ತೆಯಾಗಿದ್ದೂ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ, ಗರಿ ಮತ್ತು ಡಿಎನ್‌ಎ ಎರಡನ್ನೂ ನೋಡಿ. ನಮಗೆ ಅಷ್ಟು ದೂರ ಹೋಗುವ ಕೆಲಸವಿಲ್ಲ.

"ಗರಿ ಮೇಲೆ ನೀರು ಹಾಕಿದೆ, ಮುತ್ತಿನ ಹಾಗೆ ನಿಂತಿತು, ಹಾಗಾದ್ರೆ ಬಾತು ಅಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. ಪಾರಿವಾಳದ ಒಳ್ಳೆ ಗರಿಯ ಮೇಲೂ ನೀರು ಹಾಗೇ ನಿಲ್ಲುತ್ತದೆ.

ಹಂತ 4: ಮೈಮೇಲೆ ಎಲ್ಲಿತ್ತು?

ಉದ್ದ, ಗಟ್ಟಿ, ತುದಿ ಚೂಪು, ಹೊರ ಅಲಗು ತೀರಾ ಕಿರಿದು: ಇದು ರೆಕ್ಕೆಯ ತುದಿಭಾಗದ ಗರಿ, ಪ್ರೈಮರಿ. ಬಾತಿಗೆ ಒಂದೊಂದು ರೆಕ್ಕೆಯಲ್ಲಿ ಇಂಥ ಹತ್ತು ದೊಡ್ಡ ಗರಿ. ಬೇಜಾರಿನ ವಿಷಯ ಅಂದ್ರೆ, ಹೆಚ್ಚಿನ ಬಾತುಗಳ ಪ್ರೈಮರಿ ಒಂದೇ ಥರದ ಬೂದುಗಂದು. ಇಲ್ಲಿ ಅಳತೆಯಷ್ಟೇ ಸಹಾಯ. ಅತಿ ಉದ್ದದ ಪ್ರೈಮರಿ ಕಾಮನ್ ಟೀಲ್, ಗಾರ್ಗನಿಯಂಥ ಸಣ್ಣವುಗಳಲ್ಲಿ ಸುಮಾರು 13–14 ಸೆಂ.ಮೀ., ವರಟೆ ಮತ್ತು ಸೂಜಿಬಾಲದಂಥ ದೊಡ್ಡವುಗಳಲ್ಲಿ 20ರ ಆಸುಪಾಸು. 30 ದಾಟಿತು ಅಂದರೆ ಹೆಬ್ಬಾತನ್ನು ಯೋಚಿಸಿ. ಗದಗ ಜಿಲ್ಲೆಯ ಮಾಗಡಿ ಕೆರೆ, ನಂಜನಗೂಡಿನ ಹತ್ತಿರದ ಹದಿನಾರು ಕೆರೆಯಂಥ ಕಡೆ ಪಟ್ಟೆತಲೆ ಹೆಬ್ಬಾತು ಬರುತ್ತದೆ. ತೆಳು ಬೂದು ಗರಿ, ತುದಿ ಕಪ್ಪು.

ಪ್ರೈಮರಿಗಿಂತ ಗಿಡ್ಡ, ಸ್ವಲ್ಪ ಬಾಗಿದ, ತುದಿ ಮೊಂಡಾದ ಗರಿ ಸಿಕ್ಕಿತಾ? ಕುಣಿದಾಡಿ. ಇದು ಸೆಕೆಂಡರಿ, ರೆಕ್ಕೆಯ ಮಧ್ಯಭಾಗದ್ದು. ಬಾತಿನ ಗುರುತಿನ ಚೀಟಿ ಇರುವುದೇ ಇಲ್ಲಿ. ರೆಕ್ಕೆ ಬಿಚ್ಚಿದಾಗ ಮಿಂಚುವ ಬಣ್ಣದ ಚೌಕಕ್ಕೆ ಸ್ಪೆಕ್ಯುಲಂ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಕನ್ನಡಿ ಅಂತ ಅರ್ಥ. ಆ ಕನ್ನಡಿ ಆಗುವುದು ಈ ಗರಿಗಳಿಂದ.

ಸೆಕೆಂಡರಿಗಳಿಗಿಂತ ಒಳಗೆ, ಮೈಗೆ ಹತ್ತಿರ ಇರುವ ಉದ್ದನೆ ಮೆತ್ತನೆ ಗರಿ ಟರ್ಷಿಯಲ್. ಇವುಗಳ ಬುಡಕ್ಕೆ ಹೊದಿಕೆಯ ಹಾಗೆ ಕೂರುವ ಸಣ್ಣ ಗರಿ ಕವರ್ಟ್. ಎರಡೂ ಅಲಗು ಹೆಚ್ಚುಕಡಿಮೆ ಸಮವಾಗಿದ್ದು, ಕಡ್ಡಿ ನೇರವಾಗಿದ್ದರೆ ಬಾಲದ ಗರಿ.

ಹಂತ 5: ಈಗ ಬಣ್ಣ

ಬಾತಿನ ರೆಕ್ಕೆಯ ಮಿಂಚುವ ಹಸಿರು ನಿಜವಾಗಿ ಬಣ್ಣವೇ ಅಲ್ಲ. ಗರಿಯ ಸಣ್ಣ ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಕಣಗಳು ಪದರಪದರವಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಅದರ ಮೇಲೆ ಬಿದ್ದು ಹಿಂತಿರುಗುವಾಗ ಹಸಿರು ಕಾಣುತ್ತದೆ. ಸಾಬೂನಿನ ಗುಳ್ಳೆಯ ಆಟವೇ ಇದು. ಹಾಗಾಗಿ ಎರಡು ಪರೀಕ್ಷೆ ಮಾಡಿ.

ಗರಿಯನ್ನು ಆಕಾಶಕ್ಕೆ ಎತ್ತಿ ಬೆಳಕು ಹಾಯುವಂತೆ ನೋಡಿ. ಬಾತಿನ ಹಸಿರು ಮಾಯವಾಗಿ ಕಪ್ಪುಗಂದು ಉಳಿಯುತ್ತದೆ. ಗಿಳಿಯ ಹಸಿರಾದರೆ ಹಳದಿಮಿಶ್ರಿತವಾಗಿ ಹಾಗೇ ಇರುತ್ತದೆ. ಕೆರೆ ಪಕ್ಕದ ಮರಗಳಲ್ಲಿ ಗಿಳಿ ಇರುವ ಕಡೆ ಇದು ತುಂಬಾ ಉಪಯೋಗ.

ಎರಡನೆಯದು, ಓರೆ ಮಾಡಿದಾಗ ಹಸಿರು ನೀಲಿಗೆ, ನೇರಳೆಗೆ ತಿರುಗುತ್ತದೆ. ನನಗೆ "ನೀಲಿ ಗರಿ" ಅಂತ ಬರುವ ಫೋಟೊಗಳಲ್ಲಿ ಬಹಳಷ್ಟು ವರಟೆಯ ಹಸಿರು ಗರಿಯನ್ನೇ ಓರೆಯಲ್ಲಿ ತೆಗೆದದ್ದು. ನೆತ್ತಿಯ ಮೇಲಿಂದ ನೋಡಿದಾಗ ಕಾಣುವ ಬಣ್ಣವನ್ನೇ ಬರೆದುಕೊಳ್ಳಿ.

ಒಂದು ಸೆಕೆಂಡರಿಯನ್ನು ಹತ್ತಿರದಿಂದ ನೋಡೋಣ. ವರಟೆಯದು. ಕಡ್ಡಿಯ ಒಂದು ಪಕ್ಕ, ಅಗಲವಾದ ಒಳ ಅಲಗು, ಬರೀ ಬೂದುಗಂದು. ಇನ್ನೊಂದು ಪಕ್ಕ, ಹೊರ ಅಲಗಿನಲ್ಲಿ, ಬುಡದ ಕಡೆಯಿಂದ ಶುರುವಾಗುವ ಲೋಹದಂಥ ಹಸಿರು. ತುದಿ ಹತ್ತಿರ ಬಂದಾಗ ಹಸಿರು ತಟ್ಟನೆ ನಿಂತು ಮಖಮಲ್ಲಿನಂಥ ಕಪ್ಪು ಪಟ್ಟಿ. ಆಮೇಲೆ ತುದಿಯಲ್ಲಿ ಸುಣ್ಣದಂಥ ಬಿಳಿ ಅಂಚು. ಅರ್ಧ ಗರಿಗೆ ಮಾತ್ರ ಬಣ್ಣ ಹಾಕಿ ಇನ್ನರ್ಧ ಮರೆತ ಹಾಗಿರುತ್ತದೆ. ಕಾರಣ ಸುಲಭ. ಒಳ ಅಲಗು ಪಕ್ಕದ ಗರಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಅಲ್ಲಿಗೆ ಬಣ್ಣ ಯಾಕೆ? ಈ ಅರ್ಧಂಬರ್ಧ ಬಣ್ಣ ಕಂಡರೆ "ಗರಿ ಹಾಳಾಗಿದೆ" ಅಂದುಕೊಳ್ಳಬೇಡಿ.

ನಮ್ಮ ಕೆರೆಗಳಲ್ಲಿ ಸಿಗಬಹುದಾದ ಸೆಕೆಂಡರಿಗಳನ್ನು ಹೀಗೆ ಬೇರೆ ಮಾಡಬಹುದು.

ಹಸಿರು, ಕಪ್ಪು, ಬಿಳಿ ತುದಿ, ಗರಿ ದೊಡ್ಡದು: ವರಟೆ. ಅದೇ ಗಾತ್ರದಲ್ಲಿ ಹಸಿರು ಸ್ವಲ್ಪ ಕಂಚಿನ ಬಣ್ಣಕ್ಕೆ ಹೊರಳಿದ್ದರೆ ಗಂಡು ಸೂಜಿಬಾಲ. ಹೆಣ್ಣು ಸೂಜಿಬಾಲದಲ್ಲಿ ಹಸಿರಿನ ಬದಲು ಮಂಕು ಕಂದು, ಬಿಳಿ ತುದಿ ಮಾತ್ರ ಸ್ಪಷ್ಟ.

ಗರಿ ಸಣ್ಣದು, ಹಸಿರು, ಬಿಳಿ ತುದಿ ದಪ್ಪ: ಗಾರ್ಗನಿ. ಗರಿ ಸಣ್ಣದು, ಬಿಳಿ ತುದಿ ತೆಳು: ಕಾಮನ್ ಟೀಲ್. ಟೀಲ್‌ನಲ್ಲಿ ಒಂದು ಮೋಸ ಇದೆ. ಅದರ ಕನ್ನಡಿಯ ಒಳಗಿನ ಗರಿಗಳು ಹಸಿರು, ಹೊರಗಿನವು ಅಚ್ಚ ಕಪ್ಪು. ಹಾಗಾಗಿ ಕಪ್ಪು ಸೆಕೆಂಡರಿಗೆ ತೆಳು ಬಿಳಿ ಅಂಚಿದ್ದರೆ ಟೀಲನ್ನೂ ಮರೆಯಬೇಡಿ.

ಹಸಿರಿದೆ, ತುದಿಯಲ್ಲಿ ಬಿಳಿ ಅಂಚು ಎದ್ದು ಕಾಣುತ್ತಿಲ್ಲ: ಶವೆಲರ್, ಅಂದರೆ ಸಲಿಕೆಯಂಥ ಕೊಕ್ಕಿನ ಬಾತು. ಹಸಿರಿನ ತುದಿ ಕಪ್ಪಾದರೆ ವಿಜನ್ ಇರಬಹುದು. ಹೊರ ಅಲಗು ಪೂರ್ತಿ ಬಿಳಿಯಾದರೆ ಗ್ಯಾಡ್‌ವಾಲ್.

ಪೂರ್ತಿ ಕಪ್ಪು, ಮಿಂಚಿಲ್ಲ, ಬಿಳಿ ಇಲ್ಲ: ಶಿಳ್ಳೆ ಬಾತು. ಅದಕ್ಕೆ ಕನ್ನಡಿಯೇ ಇಲ್ಲ. ಆದರೆ ಕಪ್ಪು ಗರಿ ಕೆರೆಯಲ್ಲಿ ಯಾರದ್ದೂ ಇರಬಹುದು, ನೀರುಕಾಗೆಯದ್ದೂ ಕೂಡ. ಟೆಗ್ಮೆನ್ ಇದೆಯಾ ಅಂತ ಇನ್ನೊಮ್ಮೆ ನೋಡಿ. ಬೂದುಗಪ್ಪು ಸೆಕೆಂಡರಿಗೆ ಬಿಳಿ ತುದಿ, ಮಿಂಚು ಒಂಚೂರೂ ಇಲ್ಲ ಅಂದರೆ ನಾಮದ ಕೋಳಿಯ ಅನುಮಾನ ಇರಲಿ.

ನೆತ್ತಿಯ ಮೇಲಿಂದ ನೋಡಿದಾಗಲೂ ನೀಲಿ ನೇರಳೆ, ತುದಿಯಲ್ಲಿ ಬಿಳಿ: ಇದು ಮಲ್ಲಾರ್ಡ್ ವಂಶದ್ದು. ಹಿಗ್ಗಬೇಡಿ. ಕರ್ನಾಟಕದಲ್ಲಿ ಕಾಡು ಮಲ್ಲಾರ್ಡ್ ಅಪರೂಪ, ಸಾಕಿದ ಬಾತುಕೋಳಿ ಎಲ್ಲಾ ಕಡೆ. ಸಾಕುಬಾತುಗಳಲ್ಲಿ ಹೆಚ್ಚಿನವು ಮಲ್ಲಾರ್ಡಿನಿಂದಲೇ ಬಂದವು. ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ಬಾತಿನ ಹಿಂಡು ಬಿಡುವ ಸೀಮೆಯಲ್ಲಿ, ನಗರದ ಪಾರ್ಕಿನ ಕೆರೆಗಳಲ್ಲಿ ಇಂಥ ಗರಿ ಸಿಕ್ಕಿದರೆ ಮೊದಲು ಊರಲ್ಲಿ ಬಾತು ಸಾಕಿದವರು ಯಾರು ಅಂತ ವಿಚಾರಿಸಿ. ಇದೇ ಥರ, ಹಸಿರು ಮಿಂಚಿನ ದೊಡ್ಡ ಕಪ್ಪು ಗರಿ ಕಂಡ ಕೂಡಲೇ ಕೋಂಬ್ ಡಕ್ ಎಂಬ ಕಾಡುಬಾತು ಅಂತ ಹಾರಬೇಡಿ. ಸಾಕಿದ ಮಸ್ಕೊವಿ ಬಾತಿಗೂ ಅದೇ ಬಣ್ಣ. ಮಿಂಚುಕೆಂಬರಲು ಎಂಬ ಬಾಗಿದ ಕೊಕ್ಕಿನ ಹಕ್ಕಿಯ ಗರಿಯೂ ದೂರಕ್ಕೆ ಹಾಗೇ ಕಾಣುತ್ತದೆ.

ಹಂತ 6: ಸೆಕೆಂಡರಿ ಅಲ್ಲದಿದ್ದರೆ

ಇನ್ನೂ ಕೆಲವು ಗರಿ ಮಾತಾಡುತ್ತವೆ. ಹೊರ ಅಲಗು ಅಗಲವಾಗಿ ಬಿಳಿ, ಒಳಗೆ ಗಾಢ ಕಂದು ಇರುವ ದೊಡ್ಡ ಟರ್ಷಿಯಲ್ ಸಿಕ್ಕಿದರೆ ವರಟೆ. ನೀರಿನ ಮೇಲೆ ಕೂತಾಗ ಅದರ ಬೆನ್ನ ಪಕ್ಕ ಕಾಣುವ ಬಿಳಿ ಗೆರೆ ಇದೇ. ತೆಳು ನೀಲಿಬೂದು ಕವರ್ಟ್ ಸಿಕ್ಕಿದರೆ ಗಾರ್ಗನಿ ಅಥವಾ ಶವೆಲರ್. ಶವೆಲರ್‌ನ ನೀಲಿ ಹೆಚ್ಚು ಗಟ್ಟಿ. ಇಟ್ಟಿಗೆಗೆಂಪು ಕವರ್ಟ್ ಶಿಳ್ಳೆ ಬಾತಿನದ್ದೂ ಇರಬಹುದು, ಗಂಡು ಗ್ಯಾಡ್‌ವಾಲ್‌ದೂ ಇರಬಹುದು. ಎಲ್ಲೆಲ್ಲೂ ಶಿಳ್ಳೆ ಬಾತೇ ಜಾಸ್ತಿ ಇರುವುದರಿಂದ ನಾನು ಮೊದಲು ಅತ್ತ ವಾಲುತ್ತೇನೆ.

ಬಿಳಿಯ ಮೇಲೆ ಪೆನ್ಸಿಲ್ಲಿನಿಂದ ಗೀಚಿದ ಹಾಗೆ ಸಣ್ಣ ಬೂದು ಗೆರೆಗಳಿರುವ ಪಕ್ಕೆಗರಿ ಗಂಡು ಬಾತಿನದು. ಆದರೆ ಸೂಜಿಬಾಲ, ಟೀಲ್, ಗಾರ್ಗನಿ, ವಿಜನ್ ಎಲ್ಲಕ್ಕೂ ಈ ಗೆರೆ ಇವೆ. ಇದೊಂದರಿಂದ ಜಾತಿ ಹೇಳುವವರನ್ನು ನಾನು ನಂಬುವುದಿಲ್ಲ. ಕಂದು ಮಧ್ಯ, ತೆಳು ಅಂಚು ಇರುವ ಮೈಗರಿಯೂ ಅಷ್ಟೇ. ವರಟೆಗೂ ಇದೆ, ಬೇರೆ ಎಷ್ಟೋ ಹೆಣ್ಣು ಬಾತುಗಳಿಗೂ ಇದೆ.

ಉದ್ದನೆ ಕಪ್ಪು ಬಾಲದ ಗರಿ ಸಿಕ್ಕಿದವರಿಗೆ ಒಂದು ಮಾತು. ಸೂಜಿಬಾಲದ ಗಂಡಿನ ನಡುಬಾಲದ ಎರಡು ಗರಿ ನೇರ, ಬಿಗಿ, ತುದಿ ಚೂಪು. ಕುಡುಗೋಲಿನ ಹಾಗೆ ಬಾಗಿದ್ದರೆ ಅದು ಬಾತಲ್ಲ, ತಾವರೆ ಎಲೆಯ ಮೇಲೆ ನಡೆದಾಡುವ ಉದ್ದಬಾಲದ ಜಕಾನ. ಮಳೆಗಾಲದಲ್ಲಿ ಮರಿ ಮಾಡಿ ಮುಗಿಸಿದ ಮೇಲೆ ಅದು ಆ ಬಾಲ ಉದುರಿಸುತ್ತದೆ. ಸೂಜಿಬಾಲ ಬರುವುದೂ ಸರಿಸುಮಾರು ಅದೇ ಹೊತ್ತಿಗೆ.

ಹಂತ 7: ತಾಳೆ ನೋಡಿ

ಊಹೆ ಆದ ಮೇಲೆ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇಬರ್ಡ್ ತಾಣ ತೆರೆದು, ನಿಮ್ಮ ಕೆರೆಯಲ್ಲಿ ಆ ತಿಂಗಳು ಯಾವ ಬಾತುಗಳು ದಾಖಲಾಗಿವೆ ನೋಡಿ. ಜೂನ್ ತಿಂಗಳ ಹೊಸ ಗರಿಗೆ ಶವೆಲರ್ ಅಂತ ಹೆಸರಿಟ್ಟಿದ್ದರೆ ಎಲ್ಲೋ ತಪ್ಪಿದ್ದೀರಿ, ಆ ಹೊತ್ತಿಗೆ ಅವು ಉತ್ತರಕ್ಕೆ ಹೋಗಿರುತ್ತವೆ. ಆಮೇಲೆ ಗರಿಯ ಚಿತ್ರಗಳ ಜೊತೆ ಹೋಲಿಸಿ. ನಮ್ಮ ದೇಶದ ಹಕ್ಕಿಗಳಿಗೆ ಫೆದರ್ ಲೈಬ್ರರಿ ಇದೆ. ಜರ್ಮನಿಯ ಫೆದರ್‌ಬೇಸ್, ಅಮೆರಿಕದ ಫೆದರ್ ಅಟ್ಲಾಸ್ ಕೂಡ ಉಪಯೋಗಕ್ಕೆ ಬರುತ್ತವೆ. ಸೂಜಿಬಾಲ, ಶವೆಲರ್, ಗ್ಯಾಡ್‌ವಾಲ್ ಅಲ್ಲಿಯೂ ಇರುವ ಬಾತುಗಳೇ. ಆದರೆ ಅಮೆರಿಕದ ಚಿತ್ರಗಳಲ್ಲಿ ವರಟೆ ಹುಡುಕಬೇಡಿ, ಸಿಗುವುದಿಲ್ಲ. ಬದಲಿಗೆ ಮಲ್ಲಾರ್ಡ್ ಕಣ್ಣಿಗೆ ಬಿದ್ದು, ಅದೇ ಸರಿ ಅನಿಸಿಬಿಡುತ್ತದೆ. ಫೋನಿನ ಚಿತ್ರ ಗುರುತಿಸುವ ಆ್ಯಪ್‌ಗಳೂ ಒಂಟಿ ಗರಿಯ ಮುಂದೆ ಇದೇ ಥರ ಮುಗ್ಗರಿಸುತ್ತವೆ. ಅವು ಕೊಟ್ಟ ಹೆಸರನ್ನು ಸುಳಿವು ಅಂದುಕೊಳ್ಳಿ, ತೀರ್ಪು ಅಲ್ಲ.

ಐನ್ಯಾಚುರಲಿಸ್ಟ್ ಎಂಬ ಜೀವಿಗಳನ್ನು ಗುರುತಿಸುವ ತಾಣದಲ್ಲಿ ಫೋಟೊ ಹಾಕಿದರೆ ಬೇರೆಯವರೂ ನೋಡಿ ತಿದ್ದುತ್ತಾರೆ. ಅಲ್ಲಿ 'ಫೌಂಡ್ ಫೆದರ್ಸ್' ಅಂತ ಗರಿಗಳಿಗೇ ಒಂದು ಪ್ರಾಜೆಕ್ಟ್ ಇದೆ.

ಹಂತ 8: ಗೊತ್ತಾದಷ್ಟನ್ನೇ ಬರೆಯಿರಿ

ಬರೆದಿಡುವುದು ಹೀಗಿರಲಿ: "ಹದಿನಾರು ಕೆರೆ, ಪೂರ್ವದ ದಡ. ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ. ಒಂದೇ ಗರಿ, ಕಡ್ಡಿಯ ಬುಡ ಪೂರ್ತಿ ಇದೆ. ಸೆಕೆಂಡರಿ, 12 ಸೆಂ.ಮೀ. ಹೊರ ಅಲಗು ಹಸಿರು, ಕಪ್ಪು ಪಟ್ಟಿ, ಬಿಳಿ ತುದಿ. ವರಟೆ, ಬಹುತೇಕ ಖಚಿತ." ಖಚಿತ, ಬಹುತೇಕ ಖಚಿತ, ಬಾತು ಅಷ್ಟೇ: ಈ ಮೂರರಲ್ಲಿ ಒಂದನ್ನು ಪ್ರತಿ ಸಲವೂ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಮೂರನೆಯದೇ ಜಾಸ್ತಿ.

ಇನ್ನು, "ಗರಿ ಆಗಲೇ ಮನೆಗೆ ತಂದುಬಿಟ್ಟಿದ್ದೀನಿ, ಮಗಳು ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ" ಅನ್ನುವವರಿಗೆ: ಮಗಳ ಕೈಲೇ ಅದರ ಚಿತ್ರ ಬರೆಸಿ, ಅಳತೆ ಬರೆಸಿ. ಭಾನುವಾರ ಇಬ್ಬರೂ ಹೋಗಿ ಸಿಕ್ಕಿದ ಜಾಗದಲ್ಲೇ ಬಿಟ್ಟು ಬನ್ನಿ. ಹೋದಾಗ ಬೈನಾಕ್ಯುಲರ್ ಮರೆಯಬೇಡಿ, ಆ ಗರಿಯ ಬಾತು ಅಲ್ಲೇ ಎಲ್ಲೋ ಜೊಂಡಿನ ಅಂಚಿನಲ್ಲಿ ಮೇಯುತ್ತಿರಬಹುದು.